ಟಕ್ ಮತ್ತು ಗುಂಯ್: ಕಾರ್ನ್ ಆಲ್ಬಮ್‌ಗಳಲ್ಲಿ ನಡುವಿನ ಜಾಗ ಯಾರದು?

ಅಮೆರಿಕದ ರಾಕ್ ತಂಡ ಕಾರ್ನ್‌ನ ಮೊದಲ ಆಲ್ಬಮ್ಮನ್ನು ಮೊಬೈಲ್ ಸ್ಪೀಕರಿನಲ್ಲಿ ಹಚ್ಚಿ ನೋಡಿ. ಬೇಸ್ ಗಿಟಾರ್ ಬರೀ ಟಕ್ ಟಕ್ ಅನ್ನುತ್ತದೆ, ಯಾರೋ ಹಲಗಿಯ ಅಂಚಿಗೆ ಕಡ್ಡಿ ಬಡಿದ ಹಾಗೆ. ಅದೇ ಹಾಡನ್ನು ಬೆಳಗಾವಿಯ ಗಣಪತಿ ಮೆರವಣಿಗೆಗೆ ತರುವಂಥ 18 ಇಂಚಿನ ಬಾಕ್ಸುಗಳಲ್ಲಿ ಹಚ್ಚಿದರೆ ಟಕ್ ಮುಳುಗಿಹೋಗಿ ಎದೆಗೂಡಿನೊಳಗೆ ಗುಂಯ್ ಅನ್ನುವುದಷ್ಟೇ ಉಳಿಯುತ್ತದೆ. ಎರಡೂ ಒಂದೇ ವಾದ್ಯದ ಸದ್ದು. ನಮ್ಮ ಕಡೆ ಇದನ್ನು ತಿಳಿಸಲು ತಬಲಾ-ಡಗ್ಗಾ ಸಾಕು. ತಬಲಾದ ಅಂಚಿನಲ್ಲಿ ‘ನಾ’, ಡಗ್ಗಾದಲ್ಲಿ ‘ಘೇ’; ಇವೆರಡರ ನಡುವಿನ ಜಾಗ ಗಾಯಕನಿಗೆ, ಹಾರ್ಮೋನಿಯಮ್ಮಿಗೆ ಬಿಟ್ಟದ್ದು. ಕಾರ್ನ್‌ನ ಬೇಸ್ ವಾದಕ ರೆಜಿನಾಲ್ಡ್ ‘ಫೀಲ್ಡಿ’ ಅರ್ವಿಜು ತನ್ನ ಐದು ತಂತಿಗಳಲ್ಲಿ ನಾ ಮತ್ತು ಘೇ ಎರಡನ್ನೂ ಇಟ್ಟುಕೊಂಡು ನಡುವನ್ನು ಪೂರ್ತಿ ಬಿಟ್ಟುಕೊಟ್ಟ. ಈ ತಂಡದ ಸದ್ದು 1994ರಿಂದ 2022ರವರೆಗೆ ಬದಲಾದ ಬಗೆಯನ್ನು ಹಿಡಿಯಬೇಕಾದರೆ ಪ್ರತಿ ಆಲ್ಬಮ್ಮಿನಲ್ಲೂ ಒಂದೇ ಪ್ರಶ್ನೆ ಕೇಳಿದರೆ ಆಯಿತು: ಆ ಬಿಟ್ಟ ಜಾಗದಲ್ಲಿ ಈಗ ಯಾರು ಕೂತಿದ್ದಾರೆ?

ತಂಡ ಕಟ್ಟಿದ್ದು 1993ರಲ್ಲಿ, ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ. ಎಣ್ಣೆ ಬಾವಿ, ದ್ರಾಕ್ಷಿ ತೋಟಗಳ ಬಿಸಿಲೂರು ಅದು. ವಿಜಯಪುರ ಸೀಮೆಯವರು ಅಲ್ಲಿಗೆ ಹೋದರೆ ಬಿಸಿಲಿಗೂ ಬೆಳೆಗೂ ಹೊಸಬರಾಗುವುದಿಲ್ಲ. ಹಾಡುಗಾರ ಜೊನಾಥನ್ ಡೇವಿಸ್, ಗಿಟಾರಿಗೆ ಜೇಮ್ಸ್ ‘ಮಂಕಿ’ ಶಾಫರ್ ಮತ್ತು ಬ್ರಯನ್ ‘ಹೆಡ್’ ವೆಲ್ಚ್, ಬೇಸಿಗೆ ಫೀಲ್ಡಿ, ಡ್ರಮ್ಸಿಗೆ ಡೇವಿಡ್ ಸಿಲ್ವೇರಿಯಾ. 1994ರ ಮೊದಲ ಆಲ್ಬಮ್ಮಿನ ನಿರ್ಮಾಪಕ ರಾಸ್ ರಾಬಿನ್ಸನ್. ಮುದ್ರಣ ಮಾಲಿಬುವಿನ ಇಂಡಿಗೊ ರಾಂಚ್ ಸ್ಟುಡಿಯೋದಲ್ಲಿ ಆಯಿತು.

ಗಿಟಾರುಗಳಿಗೆ ಏಳು ತಂತಿ. ಐಬನೇಜ್ ಕಂಪನಿಯ ಯೂನಿವರ್ಸ್ ಮಾದರಿ 1990ರಲ್ಲೇ ಬಂದಿತ್ತು, ಆದರೆ ಅದು ವೇಗದ ಸೋಲೋ ನುಡಿಸುವವರ ವಾದ್ಯವಾಗಿತ್ತು. ಕಾರ್ನ್ ಅದನ್ನು ಇನ್ನೂ ಒಂದು ಪೂರ್ಣ ಸ್ವರ ಇಳಿಸಿತು. ದಪ್ಪ ತಂತಿಯಿಂದ ಶುರು ಮಾಡಿದರೆ ಎ, ಡಿ, ಜಿ, ಸಿ, ಎಫ್, ಎ, ಡಿ. ಮಾಮೂಲಿ ಗಿಟಾರಿನ ಕೆಳ ತಂತಿ 82 ಹರ್ಟ್ಜ್‌ನಲ್ಲಿ ನಿಂತರೆ ಇದರದ್ದು 55. ಬೇಸ್ ಅದಕ್ಕೂ ಒಂದು ಸಪ್ತಕ ಕೆಳಗೆ, 27.5 ಹರ್ಟ್ಜ್.

ಇಲ್ಲಿ ಹೊಸಬರು ಎಡವುತ್ತಾರೆ. ಕೆಳಗಿಳಿದಷ್ಟೂ ಭಾರ ಅಂದುಕೊಳ್ಳುತ್ತಾರೆ. ಆದರೆ 12 ಇಂಚಿನ ಗಿಟಾರ್ ಸ್ಪೀಕರ್ ಸುಮಾರು 75 ಹರ್ಟ್ಜ್‌ಗಿಂತ ಕೆಳಗೆ ಹೆಚ್ಚೇನೂ ಕೊಡುವುದಿಲ್ಲ. ಮಿಕ್ಸಿಂಗ್ ಮಾಡುವವರೂ ಗಿಟಾರಿನ ಕೆಳಭಾಗವನ್ನು 80–100ರ ಹತ್ತಿರ ಕತ್ತರಿಸುತ್ತಾರೆ. ಅಂದರೆ ಆ 55ರ ಮೂಲ ಸ್ವರ ಗಿಟಾರಿನಿಂದ ನಮ್ಮ ಕಿವಿಗೆ ಬರುವುದೇ ಇಲ್ಲ. ಬರುವುದು 110, 165, 220ರ ಮೇಲ್ಸ್ವರಗಳು. ಅವುಗಳ ಅಂತರ ನೋಡಿ ಕಿವಿ ತಾನೇ 55 ಅನ್ನು ಊಹಿಸಿಕೊಳ್ಳುತ್ತದೆ. ಹೀಗಾಗಿ ಗಿಟಾರ್ ನಿಜವಾಗಿ ಕೆಲಸ ಮಾಡುವುದು ನಡುವಿನ ಜಾಗದಲ್ಲಿ, ಬೇಸ್ ತೆರವು ಮಾಡಿಕೊಟ್ಟ ಜಾಗದಲ್ಲಿ.

ಆ ಜಾಗದಲ್ಲಿ ಇವರು ಇಟ್ಟದ್ದು ಏನು ಅನ್ನುವುದೇ ದೊಡ್ಡ ವಿಷಯ. ರಾಕ್ ಗಿಟಾರಿನ ಸಾಮಾನ್ಯ ಪವರ್ ಕಾರ್ಡ್ ಅಂದರೆ ಸಾ-ಪ. ಡಿಸ್ಟಾರ್ಶನ್ (ಗಿಟಾರಿನ ಸದ್ದನ್ನು ಬೇಕೆಂದೇ ಒಡೆಸಿ ಒರಟು ಮಾಡುವುದು) ಹಾಕಿದಾಗ ಎರಡು ಸ್ವರಗಳು ಕೂಡಿ, ಅವುಗಳ ವ್ಯತ್ಯಾಸದ ಮೂರನೆಯ ಸ್ವರವೊಂದು ಹುಟ್ಟುತ್ತದೆ: 55 ಮತ್ತು 82.4ರಿಂದ 27.4, ಅಂದರೆ ಕೆಳಗಿನ ಸಪ್ತಕದ ಸಾ. ಎಲ್ಲ ಕೂಡಿ ಗಟ್ಟಿ ಕಂಬ ನಿಂತಂತೆ. ಮಂಕಿ ಮತ್ತು ಹೆಡ್ ಸಾ ಜೊತೆ ತೀವ್ರ ಮಧ್ಯಮ ಬಡಿಯುತ್ತಾರೆ, ಕೋಮಲ ರಿಷಭ ತಿಕ್ಕುತ್ತಾರೆ. 55ಕ್ಕೆ 77.8 ಸೇರಿದರೆ ವ್ಯತ್ಯಾಸ 22.8, ಅದು ಯಾವುದಕ್ಕೂ ಕೂಡದ ಸ್ವರ. ಗುರುಗುಟ್ಟುವುದು ಅದೇ. ಶ್ರೀ ರಾಗದಲ್ಲೂ ಕೋಮಲ ರಿ, ತೀವ್ರ ಮ ಇವೆ. ಅಲ್ಲಿ ಅವು ಒಂದರ ನಂತರ ಒಂದಾಗಿ ಬಂದು ಸಂಜೆಯ ಗಾಂಭೀರ್ಯ ಕಟ್ಟುತ್ತವೆ. ಇಲ್ಲಿ ಏಕಕಾಲಕ್ಕೆ ಬಿದ್ದು ಹೊಟ್ಟೆ ಹಿಂಡುತ್ತವೆ. ಮೊದಲ ಆಲ್ಬಮ್ಮಿನಲ್ಲಿ ಒಂದು ಗಿಟಾರ್ ಕೆಳಗೆ ಉರುಳುತ್ತಿದ್ದರೆ ಇನ್ನೊಂದು ಮೇಲಿನ ತಂತಿಯಲ್ಲಿ ಇಂಥ ಒಂದೆರಡು ಸ್ವರಗಳನ್ನೇ ಚುಚ್ಚುತ್ತಿರುತ್ತದೆ. ಹೆಡ್‌ಫೋನ್ ಹಾಕಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಗಮನ ಕೊಟ್ಟರೆ ಇಬ್ಬರ ಕೆಲಸ ಬೇರೆಬೇರೆಯಾಗಿ ಕಾಣುತ್ತದೆ.

ಇನ್ನು ಬೇಸಿನ ಟಕ್. ಫೀಲ್ಡಿ ತಂತಿಯನ್ನು ಎಳೆದು ನುಡಿಸುವುದಕ್ಕಿಂತ ಬಡಿಯುವುದು ಹೆಚ್ಚು. ಹಾಗೆ ಬಡಿದಾಗ ಸಡಿಲ ತಂತಿ ಫ್ರೆಟ್ಟಿಗೆ (ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗೆ) ತಾಗಿ ಲೋಹದ ಸದ್ದು ಬರುತ್ತದೆ. ಇದು ತಂಬೂರಿಯ ಜವಾರಿಗೆ ಹತ್ತಿರದ ಸಂಗತಿ. ಮಿರಜಿನಲ್ಲಿ ತಂಬೂರಿ ಮಾಡುವವರು ತಂತಿ ಹಾದುಹೋಗುವ ಕುದುರೆಯ ಮೇಲ್ಮೈ ಉಜ್ಜಿ, ನೂಲು ಸರಿಸಿ, ತಂತಿ ಎಷ್ಟು ತಾಗಬೇಕೋ ಅಷ್ಟೇ ತಾಗುವಂತೆ ಮಾಡುತ್ತಾರೆ. ಮೇಲ್ಸ್ವರಗಳು ಅರಳುವುದು ಆ ತಾಗುವಿಕೆಯಿಂದ. ಬೇಸಿನಲ್ಲಿ ತಂತಿ ತಾಗುವುದು ಫ್ರೆಟ್ಟಿಗೆ, ಅರಳುವ ಬದಲು ಸಿಡಿಯುತ್ತದೆ. ಈ ಸದ್ದು ಬೇಕಾದವರು ತಂತಿಯ ಎತ್ತರ ತಗ್ಗಿಸಬೇಕು, ಹೊಸ ಉಕ್ಕಿನ ರೌಂಡ್‌ವೌಂಡ್ ತಂತಿ ಹಾಕಬೇಕು. ಇಕ್ಯೂನಲ್ಲಿ (ಬೇರೆಬೇರೆ ಕಂಪನಗಳನ್ನು ಏರಿಸಿ ಇಳಿಸುವ ಈಕ್ವಲೈಜರ್) 60–80 ಹರ್ಟ್ಜ್ ಸ್ವಲ್ಪ ಏರಿಸಿ, 400–800ರ ನಡುವೆ 8–10 ಡೆಸಿಬೆಲ್ ಇಳಿಸಿ, 2.5–4 ಕಿಲೋಹರ್ಟ್ಜ್ ಮತ್ತೆ ಏರಿಸಿ, ಮೇಲೆ ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರ್, 4:1ಕ್ಕೆ. 35ರ ಕೆಳಗೆ ಕತ್ತರಿಸಿಬಿಡಿ. ಬಾಡಿಗೆ ಸೌಂಡಿನ ಬಾಕ್ಸುಗಳು 27.5 ಅನ್ನು ಹೇಗೂ ಕೊಡಲಾರವು. ಸುಮ್ಮನೆ ಸ್ಪೀಕರಿನ ಕೋನ್ ಹೊಯ್ದಾಡಿ ಹಾಳಾಗುತ್ತದೆ.

ಒಂದು ಎಚ್ಚರ. ಹೀಗೆ ನಡು ಕತ್ತರಿಸಿದ ಬೇಸ್ ಒಂಟಿಯಾಗಿ ಕೇಳಿದಾಗ ಬಹಳ ಚೆನ್ನಾಗಿರುತ್ತದೆ. ಗಿಟಾರಿನವರೂ ಆಂಪ್ಲಿಫೈಯರಿನ ಮಿಡ್ ಸೊನ್ನೆಗೆ ತಂದರೆ ಮಾತ್ರ ಇಡೀ ತಂಡ ಟೊಳ್ಳಾಗುತ್ತದೆ: ಮೇಲೆ ಚರಪರ, ಕೆಳಗೆ ಗುಂಯ್, ನಡುವೆ ಯಾರೂ ಇಲ್ಲ. ಒಬ್ಬರು ಬಿಟ್ಟ ಜಾಗವನ್ನು ಇನ್ನೊಬ್ಬರು ಹಿಡಿಯಲೇಬೇಕು. ಗಿಟಾರಿನ 500ರಿಂದ 1000 ಹರ್ಟ್ಜ್‌ವರೆಗಿನ ಭಾಗಕ್ಕೆ ಕೈ ಹಚ್ಚಬೇಡಿ.

ಏಳು ತಂತಿಯ ಗಿಟಾರ್ ಇಲ್ಲದವರು ಆರು ತಂತಿಯದರಲ್ಲೇ ಹತ್ತಿರ ಬರಬಹುದು. ಮಾಮೂಲಿ ತಂತಿಯನ್ನೇ ಎ ತನಕ ಇಳಿಸಿದರೆ ಬಿಗಿತ ಅರ್ಧಕ್ಕಿಂತ ಕಡಿಮೆಯಾಗಿ ತಂತಿ ಜೋತುಬೀಳುತ್ತದೆ. ಅದಕ್ಕೆ ಏಳು ತಂತಿಯ ಸೆಟ್ ತರಿಸಿ, ತೀರಾ ಸಣ್ಣ ತಂತಿ ಪಕ್ಕಕ್ಕಿಟ್ಟು ಉಳಿದ ಆರನ್ನು ಹಾಕಿ: 59, 46, 36, 26, 17, 13 ಗೇಜ್ (ತಂತಿಯ ದಪ್ಪ, ಇಂಚಿನ ಸಾವಿರದ ಭಾಗಗಳಲ್ಲಿ), ಸ್ವರಗಳು ಎ, ಡಿ, ಜಿ, ಸಿ, ಎಫ್, ಎ. ಆ ಸೆಟ್ಟಿನ ಮೂಲ ಶ್ರುತಿಗಿಂತ ಒಂದು ಸ್ವರ ಇಳಿಸಿದ್ದರಿಂದ ಬಿಗಿತ ಐದನೇ ಒಂದು ಭಾಗ ಕಡಿಮೆ ಇರುತ್ತದೆ. ಅದು ಸಾಲದು ಅನಿಸಿದರೆ ದಪ್ಪ ತಂತಿಯನ್ನಷ್ಟೇ 62ರಿಂದ 66ಕ್ಕೆ ಏರಿಸಿ. ನಟ್ಟಿನ (ಕತ್ತಿನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಸೀಳು 46ರ ತಂತಿಗೆ ಕೊರೆದದ್ದು, ದಪ್ಪ ತಂತಿ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. ತಂತಿ ಬಿಗಿಯುವ ಕಿವಿ ತಿರುವಿದಾಗ ಸ್ವರ ನುಣ್ಣಗೆ ಏರದೆ ‘ಟಿಂಕ್’ ಎಂದು ಜಿಗಿದರೆ ಕಾರಣ ಇದೇ. ನಟ್ ಫೈಲಿನಿಂದ ಅಗಲ ಮಾಡಿಸಬೇಕು, ಆಳ ಮಾಡಬಾರದು. ಆಳವಾದರೆ ತಂತಿ ಮೊದಲ ಫ್ರೆಟ್ಟಿಗೆ ಕೂತುಬಿಡುತ್ತದೆ. ಆಮೇಲೆ 12ನೇ ಫ್ರೆಟ್ಟಿನ ಹಾರ್ಮೋನಿಕ್ (ಒತ್ತದೆ ಬರೀ ತಾಗಿಸಿ ಹೊರಡಿಸಿದ ಸ್ವರ) ಮತ್ತು ಒತ್ತಿದ ಸ್ವರ ಹೋಲಿಸಿ. ಒತ್ತಿದ್ದು ಏರಾಗಿದ್ದರೆ ಕೆಳತುದಿಯಲ್ಲಿ ತಂತಿ ಕೂರುವ ಸ್ಯಾಡಲ್ಲನ್ನು ಹಿಂದಕ್ಕೆ ಸರಿಸಿ. ದಪ್ಪ ತಂತಿಗೆ ಮಾಮೂಲಿಗಿಂತ ಹೆಚ್ಚೇ ಸರಿಸಬೇಕಾಗುತ್ತದೆ. ಕೆಲವು ಅಗ್ಗದ ಗಿಟಾರುಗಳಲ್ಲಿ ಸ್ಕ್ರೂ ಅಷ್ಟು ದೂರ ಹೋಗುವುದೇ ಇಲ್ಲ. ಟ್ಯೂನರ್ ನೋಡುವಾಗ ಮೆಲ್ಲಗೆ ಮೀಟಬೇಡಿ. ಸಡಿಲ ತಂತಿಗೆ ಜೋರಾಗಿ ಬಡಿದರೆ ಸ್ವರ ಮೊದಲು ಏರಿ ಆಮೇಲೆ ಇಳಿಯುತ್ತದೆ, ಆದ್ದರಿಂದ ಹಾಡಿನಲ್ಲಿ ಎಷ್ಟು ಜೋರಾಗಿ ಬಡಿಯುತ್ತೀರೋ ಅಷ್ಟೇ ಜೋರಿನಲ್ಲಿ ಶ್ರುತಿ ಮಾಡಿ.

ಬೆಳಗಾವಿಯ ಮಳೆಗಾಲದಲ್ಲಿ ತಂತಿ ಬೇಗ ತುಕ್ಕು ಹಿಡಿದು ಟಕ್ ಸತ್ತುಹೋಗುತ್ತದೆ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ಒರೆಸಿಡಿ. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಕಷ್ಟ ಬೇರೆ, ಕಟ್ಟಿಗೆ ಒಣಗಿ ಕುಗ್ಗಿ ಫ್ರೆಟ್ಟಿನ ತುದಿಗಳು ಬೆರಳಿಗೆ ಚುಚ್ಚುತ್ತವೆ.

ಅಭ್ಯಾಸದ ಖೋಲಿಯ ತೊಂದರೆ ಇದೆಲ್ಲಕ್ಕಿಂತ ದೊಡ್ಡದು. 55 ಹರ್ಟ್ಜ್‌ನ ಅಲೆ ಸುಮಾರು 20 ಅಡಿ ಉದ್ದ, ಅದರ ಅರ್ಧ 10 ಅಡಿ. ನಮ್ಮ ಮನೆಗಳಲ್ಲಿ ಹತ್ತು ಬೈ ಹತ್ತರ ಖೋಲಿ ಸಾಮಾನ್ಯ. ಅಂಥ ಖೋಲಿ ತಾನಾಗಿಯೇ 56 ಹರ್ಟ್ಜ್‌ಗೆ ಮೊಳಗುತ್ತದೆ. ಉದ್ದ-ಅಗಲ ಎರಡೂ ಒಂದೇ ಆದ್ದರಿಂದ ಇಮ್ಮಡಿ ಮೊಳಗುತ್ತದೆ. ಕೆಳಗಿನ ಎ ಕೂಡ ಅಲ್ಲೇ ಇದೆ. ಖೋಲಿಯ ನಟ್ಟನಡುವೆ ನಿಂತವನಿಗೆ ಆ ಸ್ವರ ಕೇಳಿಸುವುದೇ ಇಲ್ಲ, ಅದಕ್ಕೆ ಅವನು ಬೇಸ್ ಏರಿಸುತ್ತಾನೆ; ಗೋಡೆಗೆ ಆತುಕೊಂಡವನ ಕಿವಿ ಕಿತ್ತುಬರುತ್ತದೆ. ಗೋಡೆಗೆ ಗಾದಿ ಒರಗಿಸುವುದರಿಂದ ಇದು ಸರಿಹೋಗದು. ನಾಲ್ಕು ಇಂಚಿನ ಹತ್ತಿ ಗಾದಿ ಸಿಂಬಲ್ಲಿನ ಚೀರಾಟ ನುಂಗುತ್ತದೆ, 55ಕ್ಕೆ ಅದು ಇದ್ದೂ ಇಲ್ಲದಂತೆ. ಆಂಪ್ಲಿಫೈಯರನ್ನು ಮೂಲೆಯಿಂದ ಎಳೆದು, ನಡುವನ್ನೂ ಗೋಡೆಯನ್ನೂ ಬಿಟ್ಟು ನಿಂತು, ಅಲ್ಲಿ ಕೇಳಿ ಬೇಸ್ ಇಳಿಸುವುದೊಂದೇ ಉಪಾಯ. ಇನ್ನೊಂದು ಮಾತು: ಅಮೆರಿಕದಲ್ಲಿ ವಿದ್ಯುತ್ತು 60 ಹರ್ಟ್ಜ್, ನಮ್ಮಲ್ಲಿ 50. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ 100 ಹರ್ಟ್ಜ್‌ನ ಗುಂಯ್‌ಗುಡುವಿಕೆ ಸೇರಿಕೊಂಡರೆ, 98ರಲ್ಲಿರುವ ಬಿಡಿ ಜಿ ತಂತಿ ಅದರೊಡನೆ ತಿಕ್ಕಾಡಿ ಸೆಕೆಂಡಿಗೆ ಎರಡು ಸಲ ತೂಗಾಡುತ್ತದೆ. ಶ್ರುತಿ ತಪ್ಪಿದೆ ಅಂದುಕೊಂಡು ಕಿವಿ ತಿರುವುತ್ತ ಕೂಡಬೇಡಿ, ಮೂರು ಪಿನ್ನಿನ ಸಾಕೆಟ್ ಪರೀಕ್ಷಿಸಿ. ಅರ್ಥ್ ಪಿನ್ ಮುರಿದು ಸದ್ದು ನಿಲ್ಲಿಸುವ ರೂಢಿ ಕೆಲವರಿಗಿದೆ. ಮೈಕಿಗೆ ತುಟಿ ತಾಗಿದಾಗ ಶಾಕ್ ಹೊಡೆಯುವುದು ಹಾಗೆಯೇ.

ಈಗ ಆಲ್ಬಮ್‌ಗಳಿಗೆ ಬರೋಣ. 1996ರ ‘ಲೈಫ್ ಈಸ್ ಪೀಚಿ’ಗೂ ಅದೇ ಸ್ಟುಡಿಯೋ, ಅದೇ ನಿರ್ಮಾಪಕ. ಹಾಡುಗಳು ಅವಸರದವು ಅನಿಸುತ್ತವೆ, ಆದರೆ ಬೇಸಿನ ಟಕ್ ಇಲ್ಲಿಯಷ್ಟು ಬತ್ತಲೆಯಾಗಿ ಬೇರೆಲ್ಲೂ ಸಿಗದು. ಬೇಸ್ ಕಲಿಯುವವರು ಇದರಿಂದ ಶುರು ಮಾಡಲಿ.

1998ರ ‘ಫಾಲೋ ದ ಲೀಡರ್’ ತಂಡವನ್ನು ಅಮೆರಿಕದ ಆಲ್ಬಮ್ ಮಾರಾಟದ ಬಿಲ್‌ಬೋರ್ಡ್ ಪಟ್ಟಿಯ ತುದಿಗೆ ಒಯ್ದಿತು. ಸಿಡಿಯಲ್ಲಿ ಮೊದಲ 12 ಟ್ರ್ಯಾಕ್‌ಗಳು ಐದೈದು ಸೆಕೆಂಡಿನ ಮೌನ, ಹಾಡು ಶುರುವಾಗುವುದು 13ರಿಂದ. ನಿರ್ಮಾಪಕರು ಸ್ಟೀವ್ ಥಾಂಪ್ಸನ್ ಮತ್ತು ಟೋಬಿ ರೈಟ್. ಗಿಟಾರುಗಳು ಇಲ್ಲಿ ಗಿಟಾರಿನಂತೆ ವರ್ತಿಸುವುದನ್ನೇ ಬಿಟ್ಟುಬಿಡುತ್ತವೆ. ಪೆಡಲುಗಳಿಂದ ಸ್ವರ ಬಗ್ಗಿಸಿ ಸೈರನ್ನಿನಂತೆ ಊಳಿಡುತ್ತವೆ. ತಂಡದಲ್ಲಿ ಡಿಜೆ ಇಲ್ಲ, ಡಿಜೆ ಮಾಡಬೇಕಾದ್ದನ್ನು ಇಬ್ಬರು ಗಿಟಾರಿಸ್ಟರು ಮಾಡುತ್ತಾರೆ. ‘ಗಾಟ್ ದ ಲೈಫ್’ ಹಾಡಿನ ಡ್ರಮ್ಸ್ ನೇರ ಡಿಸ್ಕೋ, ಪ್ರತಿ ಮಾತ್ರೆಗೂ ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್). ಕಿಕ್ ಅಷ್ಟು ನೇರವಾದಾಗ ಬೇಸಿನ ಟಕ್ಕಿಗೆ ಮಾತ್ರೆಯ ಸಂದುಗಳಲ್ಲಿ ಆಡುವ ಸ್ವಾತಂತ್ರ್ಯ ಸಿಗುತ್ತದೆ. ನಡುವಿನ ಜಾಗ ಇಲ್ಲಿ ಸಂತೆಯಷ್ಟು ಗದ್ದಲದ್ದು. ರ‍್ಯಾಪ್ ಅತಿಥಿಗಳೂ ಬಂದು ಕೂತಿದ್ದಾರೆ.

ಮರುವರ್ಷ ‘ಇಶ್ಯೂಸ್’. ನಿರ್ಮಾಪಕ ಬ್ರೆಂಡನ್ ಒಬ್ರಯನ್. ಅತಿಥಿಗಳು ಹೋದರು, ಜೊನಾಥನ್‌ನ ರಾಗ ಮುಂದಕ್ಕೆ ಬಂತು, ಬೇಸಿನ ಅಂಚು ಮೊದಲ ಬಾರಿ ದುಂಡಗಾಯಿತು. ಆಲ್ಬಮ್ ತೆರೆಯುವುದು ಬ್ಯಾಗ್‌ಪೈಪಿನಿಂದ. ಬೆಳಗಾವಿ ಮರಾಠಾ ಲೈಟ್ ಇನ್‌ಫಂಟ್ರಿಯ ರೆಜಿಮೆಂಟಲ್ ಸೆಂಟರ್ ಇರುವ ಊರು, ಸೇನೆಯ ಪೈಪ್ ಬ್ಯಾಂಡ್ ಇಲ್ಲಿನ ಕಿವಿಗೆ ಹೊಸದಲ್ಲ. ಜೊನಾಥನ್ ಇದನ್ನು ಮೊದಲ ಆಲ್ಬಮ್ಮಿನಿಂದಲೇ ನುಡಿಸುತ್ತ ಬಂದವನು. ಈ ವಾದ್ಯದಲ್ಲಿ ಏರಿಳಿತವಿಲ್ಲ, ಎರಡು ಸ್ವರಗಳ ನಡುವೆ ಬಿಡುವಿಲ್ಲ, ಒಂಬತ್ತೇ ಸ್ವರ, ಹಿಂದೆ ನಿಲ್ಲದ ಶ್ರುತಿ. ಸನಾದಿಯ ಪಕ್ಕದಲ್ಲಿ ಶ್ರುತಿ ಊದುವವನನ್ನೂ ಒಂದೇ ಚೀಲಕ್ಕೆ ಕಟ್ಟಿದಂತೆ. ತೊಡಕೆಂದರೆ ಬ್ಯಾಗ್‌ಪೈಪಿನವರು ‘ಎ’ ಎಂದು ಕರೆಯುವ ಸ್ವರ ಇಂದಿನ ಪೈಪುಗಳಲ್ಲಿ 475–480 ಹರ್ಟ್ಜ್ ಸುತ್ತ ನಿಲ್ಲುತ್ತದೆ, ಗಿಟಾರಿನ ಎ 440ಕ್ಕೆ ಕಟ್ಟಿದ್ದು. ಪೈಪ್ ಸೇರಿಸಿ ನುಡಿಸುವ ತಂಡ ಒಂದೋ ಗಿಟಾರುಗಳನ್ನೇ ಅರ್ಧ ಸ್ವರಕ್ಕಿಂತ ಹೆಚ್ಚು ಏರಿಸಬೇಕು, ಇಲ್ಲವೇ ಪೈಪಿಗೆ ಪ್ರತ್ಯೇಕ ಜಾಗ ಕೊಡಬೇಕು.

‘ಅನ್‌ಟಚಬಲ್ಸ್’, 2002. ಸದ್ದಿನ ದೃಷ್ಟಿಯಿಂದ ನನ್ನ ಲೆಕ್ಕದಲ್ಲಿ ಇದೇ ಶಿಖರ. ನಿರ್ಮಾಪಕ ಮೈಕೆಲ್ ಬೈನ್‌ಹಾರ್ನ್ ಹಟಮಾರಿ, ಕಾಲ ಮತ್ತು ಹಣ ಎರಡನ್ನೂ ಲೆಕ್ಕಿಸದೆ ಮಾಡಿಸಿದ ಕೆಲಸ. ಗಿಟಾರಿನ ಮೇಲೆ ಗಿಟಾರ್, ದನಿಯ ಮೇಲೆ ದನಿ. ಇಷ್ಟು ಪದರ ಪೇರಿಸಿದರೆ ಸಾಮಾನ್ಯವಾಗಿ ಕೆಸರಾಗುತ್ತದೆ. ಇಲ್ಲಿ ಆಗಿಲ್ಲ, ಏಕೆಂದರೆ ಪ್ರತಿ ಪದರಕ್ಕೂ ಅದರದೇ ಎತ್ತರ ಗೊತ್ತುಮಾಡಿದ್ದಾರೆ. ಮೊದಲ ಆಲ್ಬಮ್ಮಿನ ಒಣ, ಮುಖಕ್ಕೆ ಮುಖ ಕೊಟ್ಟ ಸದ್ದು ಇಲ್ಲಿ ಗೋಳಗುಮ್ಮಟದ ಒಳಗೆ ಹೊಕ್ಕಂತೆ ವಿಶಾಲವಾಗುತ್ತದೆ, ಆದರೂ ಮಾತು ಕಲಸಿಹೋಗುವುದಿಲ್ಲ. ಬಿಡುಗಡೆಗೆ ಮೊದಲೇ ಆಲ್ಬಮ್ ಅಂತರಜಾಲದಲ್ಲಿ ಸೋರಿಹೋಗಿ ಮಾರಾಟಕ್ಕೆ ಪೆಟ್ಟು ಬಿತ್ತು. ‘ಹಿಯರ್ ಟು ಸ್ಟೇ’ ಹಾಡಿಗೆ 2003ರಲ್ಲಿ ಗ್ರ್ಯಾಮಿ ಬಂತು. ಇದನ್ನು ಎಂಪಿತ್ರೀಯಲ್ಲಷ್ಟೇ ಕೇಳಿದವರು ಒಳ್ಳೆಯ ತಂತಿಯ ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಕೇಳಲೇಬೇಕು. 2003ರ ‘ಟೇಕ್ ಎ ಲುಕ್ ಇನ್ ದ ಮಿರರ್’ ತಂಡವೇ ನಿರ್ಮಿಸಿದ್ದು, ಬೇಕೆಂದೇ ಒರಟು ಮಾಡಿದ್ದು.

2005ರ ಆರಂಭದಲ್ಲಿ ಹೆಡ್ ತಂಡ ಬಿಟ್ಟ. ಅದೇ ವರ್ಷದ ‘ಸೀ ಯು ಆನ್ ದ ಅದರ್ ಸೈಡ್’ ಆಲ್ಬಮ್ಮಿನ ಸದ್ದು ಯಂತ್ರದ ಹಾಗಿದೆ ಎಂದು ಬಹಳ ಜನ ನಿರ್ಮಾಪಕರಾದ ಅಟಿಕಸ್ ರಾಸ್ ಮತ್ತು ದ ಮೇಟ್ರಿಕ್ಸ್ ತಂಡದತ್ತ ಬೊಟ್ಟು ಮಾಡುತ್ತಾರೆ. ಅದು ಅರ್ಧ ಕಾರಣ. ಇಬ್ಬರು ಬೇರೆ ಮನುಷ್ಯರು ಎಡ-ಬಲ ನುಡಿಸಿದಾಗ ಒಬ್ಬನ ಕೈ ಕೂದಲೆಳೆಯಷ್ಟು ಮುಂದೆ, ಇನ್ನೊಬ್ಬನದು ಹಿಂದೆ. ಕಿವಿಗೆ ಅಗಲ ಅನಿಸುವುದು ಆ ಎಳೆದಾಟವೇ. ಒಬ್ಬನೇ ಎರಡೂ ಬದಿ ನುಡಿಸಿದರೆ ಎರಡೂ ಒಂದೇ ಅಳತೆಗೆ ಬಿದ್ದು ಗೋಡೆ ನಯವಾಗುತ್ತದೆ. ನಯವಾದ ಗೋಡೆಗೆ ಯಂತ್ರದ ತಾಳ ಚೆನ್ನಾಗಿ ಹೊಂದುತ್ತದೆ, ನಿರ್ಮಾಪಕರು ಅದನ್ನು ಗುರುತಿಸಿದರು.

2006ರ ಕೊನೆಗೆ ನ್ಯೂಯಾರ್ಕಿನಲ್ಲಿ ಮುದ್ರಿಸಿದ ಎಂಟಿವಿ ಅನ್‌ಪ್ಲಗ್ಡ್ (ವಿದ್ಯುತ್ ಗಿಟಾರಿನ ಅಬ್ಬರ ಬಿಟ್ಟು ನುಡಿಸುವ ಟೀವಿ ಕಾರ್ಯಕ್ರಮ) ಒಂದು ಪರೀಕ್ಷೆಯಂತಿದೆ. ಡಿಸ್ಟಾರ್ಶನ್ ಇಲ್ಲ, ಆದ್ದರಿಂದ ಆ 22.8ರ ಗುರುಗುಟ್ಟುವಿಕೆಯೂ ಇಲ್ಲ. ತೀವ್ರ ಮಧ್ಯಮ ಬರೀ ತೀವ್ರ ಮಧ್ಯಮವಾಗಿ ನಿಲ್ಲುತ್ತದೆ. ತೆರವಾದ ನಡುವಿನಲ್ಲಿ ಚೆಲ್ಲೋಗಳು ಕೂತಿವೆ, ಅತಿಥಿ ಹಾಡುಗಾರ್ತಿ ಆಮಿ ಲೀ ದನಿ ಬಂದಿದೆ. ಹಾಡುಗಳ ಎಲುಬು ಗಟ್ಟಿಯಿತ್ತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಸಿಲ್ವೇರಿಯಾ ಕೂಡ ಹೋದ. 2007ರ ಹೆಸರಿಲ್ಲದ ಆಲ್ಬಮ್ಮಿನಲ್ಲಿ ಟೆರ್ರಿ ಬೊಜಿಯೊ ಮುಂತಾದವರು ಡ್ರಮ್ಸ್ ನುಡಿಸಿದರು. 2010ರಲ್ಲಿ ರಾಸ್ ರಾಬಿನ್ಸನ್‌ನನ್ನು ವಾಪಸ್ ಕರೆದು, ಹೊಸ ಡ್ರಮ್ಮರ್ ರೇ ಲೂಜಿಯರ್ ಜೊತೆ ‘ಕಾರ್ನ್ 3’ ಮಾಡಿದರು. ಅದೇ ಶ್ರುತಿ, ಅದೇ ನಿರ್ಮಾಪಕ, ಆದರೂ ಮೊದಲಿನ ಸದ್ದು ಬರಲಿಲ್ಲ. ಚುಚ್ಚುವ ಎರಡನೇ ಗಿಟಾರಿನ ಕೈ ಅಲ್ಲಿರಲಿಲ್ಲ, ಅದಿಲ್ಲದೆ ಬೇಸ್ ಬಿಟ್ಟುಕೊಟ್ಟ ಜಾಗ ಖಾಲಿಯಾಗಿಯೇ ಉಳಿಯಿತು.

ಆ ಖಾಲಿ ಜಾಗಕ್ಕೆ ಉತ್ತರವೆಂಬಂತೆ ಬಂದದ್ದು 2011ರ ‘ದ ಪಾತ್ ಆಫ್ ಟೋಟಾಲಿಟಿ’. ಸ್ಕ್ರಿಲೆಕ್ಸ್, ನಾಯ್ಸಿಯಾ, ಎಕ್ಸಿಷನ್ ಮೊದಲಾದ ಡಬ್‌ಸ್ಟೆಪ್ (ಭಾರೀ ಬೇಸಿನ ಎಲೆಕ್ಟ್ರಾನಿಕ್ ಕುಣಿತದ ಸಂಗೀತ) ನಿರ್ಮಾಪಕರ ಜೊತೆ ಮಾಡಿದ್ದು. ಹಳೆಯ ಕೇಳುಗರು ಸಿಟ್ಟಾದರು. ತಾಂತ್ರಿಕವಾಗಿ ನೋಡಿದರೆ ಇದು ಇಡೀ ಕತೆಯ ಅತ್ಯಂತ ಕುತೂಹಲದ ತಿರುವು. ಡಬ್‌ಸ್ಟೆಪ್ಪಿನ ‘ವಾಬಲ್’ ಅಂದರೆ ಸಿಂಥ್ (ಸಿಂಥಸೈಜರ್) ಬೇಸಿನ ಫಿಲ್ಟರ್ ತಾಳಕ್ಕೆ ಸರಿಯಾಗಿ ತೆರೆದು ಮುಚ್ಚುವುದು. ಅದು ಓಡಾಡುವುದೇ ನಡುವಿನ ಕಂಪನಗಳಲ್ಲಿ. ಹದಿನೇಳು ವರ್ಷ ಬೇಸ್ ಯಾವ ಜಾಗವನ್ನು ಬಿಟ್ಟುಕೊಟ್ಟಿತ್ತೋ ಅಲ್ಲಿಗೇ ಇನ್ನೊಂದು ಬೇಸ್ ಬಂದು ಕೂತಿತು. ಫೀಲ್ಡಿಯ ವಾದ್ಯಕ್ಕೆ ಕೆಲಸ ಕಡಿಮೆಯಾದದ್ದು ಅದಕ್ಕೇ: ಗುಂಯ್ ಸಿಂಥ್ ಕೊಡುತ್ತಿದೆ, ಟಕ್ ಡ್ರಮ್ ಸ್ಯಾಂಪಲ್ ಕೊಡುತ್ತಿದೆ. ಪ್ರಯೋಗ ಸೋತಿತು ಅನ್ನುವವರ ಜೊತೆ ನಾನಿಲ್ಲ. ಗಿಟಾರುಗಳು ಅದರಲ್ಲಿ ಬರೀ ಬಣ್ಣವಾಗಿ ಉಳಿದವು ಅನ್ನುವುದನ್ನು ಒಪ್ಪುತ್ತೇನೆ.

ಹೆಡ್ ಮರಳಿದ್ದು 2013ರ ‘ದ ಪ್ಯಾರಡೈಮ್ ಶಿಫ್ಟ್’ನಲ್ಲಿ, ಎಡ-ಬಲದ ಎಳೆದಾಟ ಪೂರ್ತಿ ಮರಳಿದ್ದು 2016ರ ‘ದ ಸೆರೆನಿಟಿ ಆಫ್ ಸಫರಿಂಗ್’ನಲ್ಲಿ, ಅಲ್ಲಿ ಟಕ್ ಮತ್ತೆ ಹೊಳೆಯುತ್ತದೆ. ಎರಡನೆಯದರ ನಿರ್ಮಾಪಕ ನಿಕ್ ರಾಸ್ಕುಲಿನೆಜ್, 2019ರ ‘ದ ನಥಿಂಗ್’ಗೂ ಅವನೇ. ಜೊನಾಥನ್ ಹಿಂದಿನ ವರ್ಷ ಹೆಂಡತಿಯನ್ನು ಕಳೆದುಕೊಂಡಿದ್ದ. ಆಲ್ಬಮ್ ಬ್ಯಾಗ್‌ಪೈಪಿನಿಂದಲೇ ತೆರೆದುಕೊಂಡು ಅಳುವಿಗೆ ಸರಿಯುತ್ತದೆ. ಪೈಪಿನ ಆ ಬಿಡುವಿಲ್ಲದ ಶ್ರುತಿ ನಿಂತ ಮೇಲೆ ಕೇಳುವ ಉಸಿರು ಬಹಳ ಹತ್ತಿರದ್ದು, ಏನೂ ಬೆರೆಸಿಲ್ಲ.

2022ರ ‘ರಿಕ್ವಿಯಮ್’ ಒಂಬತ್ತೇ ಹಾಡು, ಸುಮಾರು 33 ನಿಮಿಷ, ಅನಲಾಗ್ ಟೇಪಿನ ಮೇಲೆ ಮುದ್ರಿಸಿದ್ದು. ಜೋರಾಗಿ ಮುದ್ರಿಸಿದಾಗ ಟೇಪು ಸದ್ದಿನ ಮೊನೆಗಳನ್ನು ತಾನೇ ಮೊಂಡು ಮಾಡುತ್ತದೆ, ಬೇಸಿನ ಟಕ್ ಅಂಥದೇ ಒಂದು ಮೊನೆ. ಅದರ ತುದಿ ಇಲ್ಲಿ ಸವೆದಿದೆ, ಅದರ ಬೆನ್ನಿಗೆ ಒಂದಿಷ್ಟು ಸ್ವರ ಕೇಳಿಸುತ್ತದೆ. 1994ರ ಆಲ್ಬಮ್ಮಿನ ಮೊದಲ ಹಾಡು ಮುಗಿದ ಕೂಡಲೇ ಇದರ ಮೊದಲ ಹಾಡು ಹಚ್ಚಿ, ಫೋನಿನ ಇಕ್ಯೂನಲ್ಲಿ 500 ಹರ್ಟ್ಜ್‌ನ ಪಟ್ಟಿಯನ್ನಷ್ಟೇ ಒಮ್ಮೆ ಪೂರ್ತಿ ಇಳಿಸಿ, ಮತ್ತೆ ಏರಿಸಿ ನೋಡಿ. ಹಳೆಯದರಲ್ಲಿ ಪಟ್ಟಿ ಇಳಿಸಿದಾಗ ಬೇಸಿಗೆ ಹೆಚ್ಚೇನೂ ಆಗುವುದಿಲ್ಲ, ಗಿಟಾರ್ ತೆಳ್ಳಗಾಗುತ್ತದೆ. ಹೊಸದರಲ್ಲಿ ಎರಡೂ ಒಟ್ಟಿಗೆ ತೆಳ್ಳಗಾಗುತ್ತವೆ.